ನೀವೇ ಬೇಡ ಅನ್ನಿ

ಹೆಣ್ಣು ನೋಡಲು ಬಂದಿದ್ದ ಕೊಟ್ರೇಶನಿಗೆ ಮದುವೆಯೇ ಬೇಕಿರಲಿಲ್ಲ. ಅಮ್ಮನ ಹಟಕ್ಕೆ ಬಂದಿದ್ದ. ಹುಡುಗಿ ಏನು ಓದಿದ್ದಾಳೆ ಅಂತಲೂ ಕೇಳಿರಲಿಲ್ಲ. ಮಂಡಕ್ಕಿ-ಮೆಣಸಿನಕಾಯಿ ಮುಗಿದ ಮೇಲೆ ಹಿರಿಯರು, ಮಾತಾಡಿಕೊಂಡು ಬನ್ನಿ ಎಂದು ಇಬ್ಬರನ್ನೂ ಟೆರೇಸಿಗೆ ಕಳಿಸಿದರು.

“ರೀ, ದಯವಿಟ್ಟು ನೀವೇ ನನ್ನನ್ನ ಬೇಡ ಅಂದುಬಿಡಿ. ಮುಂದಿನ ತಿಂಗಳು ಜರ್ಮನಿಗೆ ಹೊರಟಿದ್ದೀನಿ. ನಾನಾಗಿ ಬೇಡ ಅಂದ್ರೆ ಅಮ್ಮ ಪಾಸ್‌ಪೋರ್ಟೇ ಬಚ್ಚಿಡ್ತಾಳೆ” ಎಂದ.

“ಏನು ಓದೋಕೆ?” ಹುಡುಗಿ ನೀಲಾ ಕೇಳಿದಳು.

“ಕ್ರೀಡಾ ವಿಜ್ಞಾನದಲ್ಲಿ ಮಾಸ್ಟರ್ಸ್.”

“ಅಂದ್ರೆ ಅಲ್ಲಿ ಓಡಿಸ್ತಾರಾ?”

“ಓಡೋವಾಗ ಮೈಯಲ್ಲಿ ಏನೇನಾಗುತ್ತೆ ಅಂತ ಅಳೀತಾರೆ. ನಿಮಗೆ ಅರ್ಥ ಆಗಲ್ಲ ಬಿಡಿ.”

ಯಾವ ಊರು, ಯಾವ ಯೂನಿವರ್ಸಿಟಿ ಎಂದೆಲ್ಲ ವಿಚಾರಿಸಿಕೊಂಡ ನೀಲಾ, ನಗುತ್ತಲೇ ಕೆಳಗಿಳಿದು ಹೋಗಿ “ಹುಡುಗ ಬೇಡ” ಎಂದುಬಿಟ್ಟಳು. ಅಮ್ಮ ದಾರಿಯುದ್ದಕ್ಕೂ ಗೊಣಗಿದಳು. ಕೊಟ್ರೇಶನಿಗೆ ಮಾತ್ರ ವಿಮಾನ ಹತ್ತುವ ತನಕವೂ ಆ ನಗುವೇ ನೆನಪಾಗುತ್ತಿತ್ತು. ಅವಸರ ಮಾಡಿದೆನೇನೋ ಅನ್ನಿಸುತ್ತಿತ್ತು.

ಜರ್ಮನಿಯ ಮೊದಲ ಲ್ಯಾಬ್ ಕ್ಲಾಸಿನಲ್ಲಿ ಪ್ರೊಫೆಸರು ಅವನನ್ನೇ ಕರೆದು, ಎದೆಬಡಿತ ಅಳೆಯುವ ಪಟ್ಟಿ ಕಟ್ಟಿಸಿ, ಟ್ರೆಡ್‌ಮಿಲ್ ಮೇಲೆ ನಿಲ್ಲಿಸಿದರು. “ಇನ್ನು ಮುಂದಿನದನ್ನು ನಮ್ಮ ಎರಡನೇ ವರ್ಷದ ವಿದ್ಯಾರ್ಥಿನಿ ನೋಡಿಕೊಳ್ಳುತ್ತಾಳೆ” ಎಂದು ಪಕ್ಕಕ್ಕೆ ಸರಿದರು.

ಬಿಳಿ ಕೋಟು ಹಾಕಿಕೊಂಡು ಮುಂದೆ ಬಂದ ನೀಲಾ, ಅವನ ಎದೆಬಡಿತ ತೋರಿಸುತ್ತಿದ್ದ ಪರದೆಯನ್ನು ನೋಡಿ ಕನ್ನಡದಲ್ಲೇ ಹೇಳಿದಳು:

“ಇನ್ನೂ ಓಡೋಕೇ ಶುರು ಮಾಡಿಲ್ಲ, ಆಗಲೇ ನೂರ ಮೂವತ್ತು!”