ಕಪ್ಪು ವೈರು

"ಬಿಚ್ಚು ಅಂದ್ರೆ ಬಿಚ್ತೀನಿ. ಆಮೇಲೆ ಹೊಸದನ್ನ ಹಾಳು ಮಾಡಿಬಿಟ್ಟೆ ಅನ್ನಬಾರದು," ಎಂದಳು ಮುನಿಲಕ್ಷ್ಮಿ. ಸ್ಕ್ರೂಡ್ರೈವರ್ ಆಗಲೇ ಅವಳ ಕೈಯಲ್ಲಿತ್ತು.

"ನಿನ್ನ ಕೈ ಬಿದ್ರೆ ಹಾಳಾಗುತ್ತಾ ಅಕ್ಕಯ್ಯ?" ಕದಿರೇಶ್ ತನ್ನ ಹೊಸ ಗಿಟಾರನ್ನು ಸುಟ್ಟ ಬೋರ್‌ವೆಲ್ ಮೋಟಾರುಗಳ ನಡುವೆ ಜಾಗ ಮಾಡಿಕೊಂಡು ಮಲಗಿಸಿದ. "ನೋಡೋಕೆ ರಾಜ. ಆಂಪ್ಲಿಫೈಯರಿಗೆ ಹಾಕಿದ್ರೆ ನೆಗಡಿ ಬಂದಂಗೆ ಹಾಡುತ್ತೆ. ಬೈರಕೂರಿನ ಪ್ರೋಗ್ರಾಂ ಒಳಗೆ ಪಿಕಪ್ಪು, ಒಳಗಿನ ವೈರಿಂಗು, ಎಲ್ಲ ಬದಲಾಯಿಸಿಬಿಡು. ವೆಂಕಟಣ್ಣನ ಗಿಟಾರಿಗೆ ಸುತ್ತಿದ್ಯಲ್ಲ, ಅಂಥದೇ ಕಾಯಿಲ್ ಬೇಕು."

ಸತ್ತ ಗಂಡನ ಹೆಸರು ಆ ಬಾಯಿಂದ ಬಂದಾಗಲೂ ಅವಳು ತಲೆ ಎತ್ತಲಿಲ್ಲ.

ಶ್ರೀನಿವಾಸಪುರದ ಮುಳಬಾಗಿಲು ರಸ್ತೆಯಲ್ಲಿ ಅವಳ ಅಪ್ಪ ಬಿಟ್ಟುಹೋದ ರೀವೈಂಡಿಂಗ್ ಅಂಗಡಿ ಅದು. ಮಾವಿನ ಲಾರಿಗಳ ಧೂಳು ಒಳಗಿನ ತನಕ ಬರುತ್ತಿತ್ತು. ಗಿಟಾರಿನಲ್ಲಿ ತಂತಿಯ ದನಿ ಹಿಡಿಯುವ ಪಿಕಪ್ಪೆಂದರೂ ಒಂದು ಕಾಯಿಲೇ. ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರ. ಮೋಟಾರು ಸುತ್ತುವವಳಿಗೆ ಅದೇನು ಕಷ್ಟವಲ್ಲ. ಆರ್ಕೆಸ್ಟ್ರಾದವರೆಲ್ಲ ವೆಂಕಟನ ಕಾಲದಿಂದಲೂ ಅವಳ ಹತ್ತಿರವೇ ಬರುತ್ತಿದ್ದರು.

ವೆಂಕಟ್ ಹೋದದ್ದು ಯಲ್ದೂರಿನ ಒಂದು ಆರತಕ್ಷತೆಯಲ್ಲಿ. ಪೆಂಡಾಲಿನ ಸಾಕೆಟ್ಟಿಗೆ ಎರಡೇ ತೂತು, ಆಂಪ್ಲಿಫೈಯರಿನ ಪ್ಲಗ್ಗಿಗೆ ಮೂರು ಪಿನ್ನು. ಅರ್ಥಿಂಗ್ ಪಿನ್ನನ್ನು ಇಕ್ಕಳದಲ್ಲಿ ಮುರಿದು ಸಿಕ್ಕಿಸಿದವನು ಅದೇ ಆರ್ಕೆಸ್ಟ್ರಾದ ಕದಿರೇಶ್. ವೆಂಕಟ್ ತಂತಿಯ ಮೇಲೆ ಕೈಯಿಟ್ಟು ಮೈಕಿಗೆ ತುಟಿ ತಂದ. ಅಷ್ಟೇ.

ಅವಳ ಕೆಲಸದಲ್ಲಿ ತಪ್ಪಿರಲಿಲ್ಲ. ಗಿಟಾರು ಗುಂಯ್ ಅನ್ನುತ್ತದೆ ಎಂದು ವೆಂಕಟ್ ಗೊಣಗಿದ್ದಕ್ಕೆ ಅಂದು ಬೆಳಿಗ್ಗೆ ಅವಳೇ ಬಿಚ್ಚಿ, ಸದ್ದು ಅಡಗಿಸಿ ಕೊಟ್ಟಿದ್ದಳು. ಕೊನೆಯ ಹಾಡಿನವರೆಗೂ ಅದು ಗುಂಯ್ ಅನ್ನಲಿಲ್ಲವಂತೆ.

"ಈಗಲೂ ಬರಿಗಾಲಲ್ಲೇ ಸ್ಟೇಜ್ ಹತ್ತೋದಾ?" ಎಂದು ಕೇಳಿದಳು.

"ಸರಸ್ವತಿ ಅಲ್ವಾ ಅಕ್ಕಯ್ಯ. ಚಪ್ಪಲಿ ಹಾಕ್ಕೊಂಡು ಹೆಂಗೆ ಹತ್ತೋದು?"

"ಮೈಕು?"

"ತುಟಿಗೆ ಅಂಟಿಸಿಕೊಂಡೇ ಹಾಡೋದು. ದೂರ ಇಟ್ರೆ ನನ್ನ ದನಿ ನನಗೇ ಕೇಳಲ್ಲ." ಅವನು ನಕ್ಕ. "ಯಾಕೆ ಕೇಳ್ದೆ?"

"ಅಳತೆ ಬೇಕಿತ್ತು. ಪ್ಲಗ್ಗಿಗೆ ಈಗ ಮೂರು ಪಿನ್ನಿದೆಯಾ?"

ಅವನ ನಗು ಆರಿತು. "ನಮ್ಮ ಹಳ್ಳಿ ಪೆಂಡಾಲು ನಿನಗೆ ಗೊತ್ತಿಲ್ವಾ," ಎಂದು ನೆಲ ನೋಡಿದ. ಟೀ ಕುಡಿದು ಬರುತ್ತೇನೆಂದು ಹೊರಗೆ ಹೋದ.

ಅವಳು ಕಂಪನಿಯ ಪಿಕಪ್ಪು ಕಿತ್ತು, ತಾನು ಸುತ್ತಿಟ್ಟಿದ್ದನ್ನು ಕೂರಿಸಿದಳು. ದನಿ ಏರಿಸಿ ಇಳಿಸುವ ಕಂಟ್ರೋಲುಗಳನ್ನು ಬದಲಿಸಿದಳು. ಪ್ಲಾಸ್ಟಿಕ್ ಗುಬುಟಿಗಳನ್ನು ಒರೆಸಿ ಮತ್ತೆ ಹಾಕಿದಳು. ಕೆಲಸ ಚೊಕ್ಕವಾಗಿತ್ತು. ಕೊನೆಗೆ ಉಳಿದದ್ದು ಒಂದು ಕಪ್ಪು ವೈರು. ತಂತಿಗಳನ್ನು ಬಿಗಿದ ಲೋಹದ ಪಟ್ಟಿಯಿಂದ ಹೊರಟು, ಕೇಬಲ್ಲಿನೊಳಗೆ ಹಾದು, ಆಂಪ್ಲಿಫೈಯರಿನ ಮೈ ಸೇರುವ ವೈರು. ಅರ್ಥಿಂಗ್.

ಮೈಗೆ ಅರ್ಥಿಂಗ್ ಇಲ್ಲದ ಮೋಟಾರು ಮುಟ್ಟಿದವರನ್ನು ಬಿಡುವುದಿಲ್ಲ. ತಾಯಲೂರು ಕಡೆಯಿಂದ ಅಂಥವು ಅವಳ ಅಂಗಡಿಗೆ ಬರುತ್ತಿದ್ದವು. ತಂದವರ ತಲೆ ಬೋಳಾಗಿರುತ್ತಿತ್ತು. "ಒಂದು ವೈರು ಹಾಕ್ಕೊಂಡಿದ್ರೆ ನಿಮ್ಮಪ್ಪ ಉಳೀತಿದ್ದ ಕಣೋ," ಎಂದು ಎಷ್ಟೋ ಮಂದಿಗೆ ಬೈದಿದ್ದಳು.

ಇಕ್ಕಳ ಎತ್ತಿಕೊಂಡಳು. ಕಟ್ ಎಂದಿತು. ತುದಿಗಳಿಗೆ ಟೇಪು ಸುತ್ತಿ, ಮುಚ್ಚಳದ ಸ್ಕ್ರೂ ಬಿಗಿದಳು.

ಕದಿರೇಶ್ ಬಂದು ಅಂಗಡಿಯ ಪುಟ್ಟ ಆಂಪ್ಲಿಫೈಯರ್ ಡಬ್ಬಕ್ಕೆ ಸಿಕ್ಕಿಸಿ ಮೀಟಿದ. ಕಣ್ಣು ಅರಳಿತು. "ಅಬ್ಬಾ! ಇದೇ ದನಿ." ಮತ್ತೆ ಕಿವಿಗೊಟ್ಟ. "ಸ್ವಲ್ಪ ಗುಂಯ್ ಅಂತಿದೆ ಅಲ್ವಾ?"

"ಬೈರಕೂರಿನ ಪ್ರೋಗ್ರಾಂ ಮುಗಿಯೋ ಹೊತ್ತಿಗೆ ಎಲ್ಲ ನಿಂತುಹೋಗುತ್ತೆ," ಎಂದಳು ಮುನಿಲಕ್ಷ್ಮಿ.

ಬೈರಕೂರಿನ ದಿನ ಸಂಜೆ ಮಳೆ ಬಂತು. ಮಾವು ಉದುರಿಸುವಂಥ ಗಾಳಿಮಳೆ. ಅವಳು ಬೇಗನೆ ಅಂಗಡಿ ಮುಚ್ಚಿದಳು. ಊಟ ಸೇರಲಿಲ್ಲ.

ಬೆಳಿಗ್ಗೆ ಶಟರು ಅರ್ಧ ಎತ್ತಿ ಒಳಗೆ ಹೋಗಿದ್ದಳಷ್ಟೇ, ಪಕ್ಕದ ಟೀ ಅಂಗಡಿಯ ಪೆದ್ದಪ್ಪ ಕೂಗಿದ. "ಏಮ್ಮಾ ಲಕ್ಷ್ಮೀ, ಕೇಳಿದ್ಯಾ? ಬೈರಕೂರಲ್ಲಿ ಗಿಟಾರಿನವನಿಗೆ ಕರೆಂಟ್ ಹೊಡೆದಿದೆಯಂತೆ! ಥೇಟ್ ನಿಮ್ಮ ವೆಂಕಟನಂಗೆ!"

"ಹೌದಾ," ಎಂದಳು. ಸೆರಗಿನಿಂದ ವೆಂಕಟನ ಫೋಟೋದ ಗಾಜು ಒರೆಸಿದಳು. ಗಿಟಾರು ತಬ್ಬಿಕೊಂಡು ನಗುತ್ತಿದ್ದ. 'ಆಯ್ತು ನೋಡು,' ಎಂದುಕೊಂಡಳು.

ಹಿಂದೆ ಸದ್ದಾಯಿತು. ಶಟರಿನ ಕೆಳಗೆ ಎರಡು ಬರಿಗಾಲು, ಕೆಸರು ಮೆತ್ತಿದವು. ಬಗ್ಗಿ ಒಳಗೆ ಬಂದವನು ಕದಿರೇಶ್.

ಅವಳ ಬೆನ್ನು ಗೋಡೆಗೆ ತಾಗಿತು. ಅವನು ನೇರ ಬಂದು ಅವಳ ಕಾಲಿಗೆ ಬಿದ್ದ.

"ಹೊಡೆದಿದ್ದು ನಂದೀಶನಿಗೆ ಅಕ್ಕಯ್ಯ, ನಮ್ಮ ಬಾಸ್ ಗಿಟಾರಿನವನಿಗೆ. ತುಟಿ ಸುಟ್ಟಿದೆ. ಕೋಲಾರದ ಆಸ್ಪತ್ರೇಲಿದಾನೆ, ಉಳ್ಕೋತಾನಂತೆ. ಇಬ್ಬರದೂ ಒಂದೇ ಆಂಪ್ಲಿಫೈಯರು. ಅದರ ಮೈಗೇ ಕರೆಂಟ್ ಬಂದಿತ್ತು. ಪಿನ್ನು ಮುರಿದವನು ಈ ಸಲಾನೂ ನಾನೇ... ನಾನೂ ಮೈಕಿಗೆ ತುಟಿ ಇಟ್ಟಿದ್ದೆ. ಏನೂ ಆಗ್ಲಿಲ್ಲ."

"ಏನೂ ಆಗ್ಲಿಲ್ಲ?"

"ಸೌಂಡಿನವರು ನನ್ನ ಗಿಟಾರು ಬಿಚ್ಚಿ ನೋಡಿದ್ರು. ಆ ಕಪ್ಪು ವೈರು ಕತ್ತರಿಸಿದೀಯ. ಆಂಪ್ಲಿಫೈಯರು ಕೆಟ್ರೆ ಕರೆಂಟು ತಂತಿಗೆ ಬರೋ ದಾರೀನೇ ಅದಂತೆ. ನಂದೀಶನದರಲ್ಲಿ ಇತ್ತು. ನನ್ನದರಲ್ಲಿ ಇದ್ದಿದ್ರೆ ನಾನು ಹೆಣ. ನಿನ್ನ ಮನೆ ಹಾಳು ಮಾಡಿದವನನ್ನ ಉಳಿಸಿಬಿಟ್ಯಲ್ಲ ಅಕ್ಕಯ್ಯ!"

ಮುನಿಲಕ್ಷ್ಮಿಯ ಕಣ್ಣು ಫೋಟೋದ ಗಿಟಾರಿನ ಮೇಲೆ ನಿಂತಿತ್ತು.

ವೆಂಕಟ್ ಅದನ್ನು ಕೊಂಡುತಂದಾಗ ಅದರೊಳಗೆ ಆ ವೈರು ಇರಲಿಲ್ಲ. ಯಲ್ದೂರಿಗೆ ಹೊರಡುವ ದಿನ ಬೆಳಿಗ್ಗೆ, ಗುಂಯ್ ಸದ್ದು ಅಡಗಲೆಂದು, ಬೆಸುಗೆ ಹಾಕಿ ಕೊಟ್ಟವಳು ಅವಳು.