ಸಾವಂತ್ರೆವ್ವನ ಒಸಡು

ರಕ್ತದಲ್ಲಿ ಸಕ್ಕರೆ ಏರಿದವರ ಒಸಡು ಕೆಂಡದಂತೆ ಹೊಳೆಯುವ ಕಾಲ ಬಂದ ಮೇಲೆ, ಮದುವೆಯೂಟದಲ್ಲಿ ಬಾಯಿ ನೋಡದೆ ಯಾರೂ ಹೋಳಿಗೆ ಬಡಿಸುತ್ತಿರಲಿಲ್ಲ. ಹುಬ್ಬಳ್ಳಿಯ ಸಾವಂತ್ರೆವ್ವನ ಎಲೆಯನ್ನು ಹೋಳಿಗೆಯ ಬುಟ್ಟಿ ಹನ್ನೊಂದು ವರ್ಷದಿಂದ ದಾಟಿಕೊಂಡೇ ಹೋಗುತ್ತಿತ್ತು. ಬೇಕೇ ಎಂದು ಒಬ್ಬರೂ ಕೇಳಿರಲಿಲ್ಲ.

ಗುಳಿಗೆ ನುಂಗಿದರೂ ಆ ಕೆಂಪು ಪೂರ್ತಿ ಇಳಿದಿರಲಿಲ್ಲ. ಹೋದ ವರ್ಷ ಹಲ್ಲಿನ ಡಾಕ್ಟರು, "ಒಸಡಿನ್ಯಾಗ ಕೀವು ಇಟಗೊಂಡು ಕುಂತ್ರ ಸಕ್ಕರಿ ಹೆಂಗ ಇಳೀತೈತ್ರೀ?" ಎಂದು ಗದರಿದ್ದರು. ಸಾವಂತ್ರೆವ್ವ ಅಂದೇ ತಂಬಾಕು ಬಿಟ್ಟಳು. ಹಲ್ಲಿನ ಬುಡವನ್ನೆಲ್ಲ ಕ್ಲೀನ್ ಮಾಡಿಸಿಕೊಂಡಳು. ಎರಡು ಹೊತ್ತೂ ಬ್ರಷ್ ಹಿಡಿದಳು.

ಇಂದು ತಂಗಿಯ ಮಗಳ ಮದುವೆ. ಬಡಿಸುವ ಈರಬಸು ಬುಟ್ಟಿ ಹಿಡಿದು ಅವಳ ಮುಂದೆ ಬಗ್ಗಿದ. ಅವಳು ತುಟಿ ಎತ್ತಿ ತೋರಿಸಿದಳು. ಎಳೆ ಗುಲಾಬಿ ಬಣ್ಣದ ಒಸಡಿನಲ್ಲಿ ಹೊಳಪಿನ ಸುಳಿವೇ ಇರಲಿಲ್ಲ.

"ಅವ್ವಾರ, ಹೋಳಿಗಿ ನೀಡ್ಲೇನ್ರೀ?"

ಸಾವಂತ್ರೆವ್ವ ಎದುರು ಸಾಲಿನ ಬೀಗರನ್ನೊಮ್ಮೆ ನೋಡಿ ನೆಟ್ಟಗೆ ಕುಳಿತಳು.

"ಇನ್ನೊಮ್ಮೆ ಕೇಳೋ ತಮ್ಮಾ, ಎಲ್ಲಾರಿಗೂ ಕೇಳಿಸೂವಂಗ."

ಈರಬಸು ನಗುತ್ತ ಗಟ್ಟಿಯಾಗಿ ಕೇಳಿದ. ಇಡೀ ಪಂಕ್ತಿ ತಿರುಗಿ ನೋಡಿತು. ಸಾವಂತ್ರೆವ್ವ ಎಲೆಗೆ ಕೈ ಅಡ್ಡ ಹಿಡಿದಳು.

"ನನಗ ಬ್ಯಾಡಪಾ. ಮುಂದ ನೀಡಿಕೋಂತ ಹೋಗು."