ಮುದುಕಿಯ ಪಾಲು

"ಸಾರ್, ಬೇಕಾದ್ರೆ ನನ್ನ ಲೇಖನ ಕಿತ್ತಾಕ್ರಿ. ಈ ಮಾತು ಮಾತ್ರ ಅಚ್ಚಾಗಬಾರ್ದು!"

ಹಿರಿಯೂರಿನ ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ತಿಪ್ಪೇಶನ ಕೈ ಮೌಸಿನ ಮೇಲೇ ನಿಂತುಬಿಟ್ಟಿತು. ಪಕ್ಕದ ಕುರ್ಚಿಯಲ್ಲಿದ್ದ ಪರಮೇಶ್ವರಪ್ಪ ಮೇಷ್ಟ್ರು ಕನ್ನಡಕ ತೆಗೆದು ಚೈತ್ರಾಳ ಮುಖ ನೋಡಿದರು. ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು, ಈಗ ಇತಿಹಾಸ ಬಳಗದ ವಾರ್ಷಿಕ ಸಂಚಿಕೆಗೆ ಸಂಪಾದಕರು. ಸಂಜೆಗೆ ಸಂಚಿಕೆ ಅಚ್ಚಿಗೆ ಹೋಗಬೇಕು, ಅಲ್ಲಿಂದ ತಾಲ್ಲೂಕಿನ ಎಲ್ಲ ಶಾಲೆಗಳಿಗೂ ಹೋಗಬೇಕು. ಎಂ.ಎ. ಓದುವ ಈ ಹುಡುಗಿಯ ಬರಹ ಮೊದಲ ಸಲ ಅಚ್ಚು ಕಾಣುವುದೂ ಅದರಲ್ಲೇ. ತಪ್ಪು ತಿದ್ದಿಕೊಡು ಬಾರಮ್ಮ ಎಂದು ಕರೆದರೆ ಸೊಂಟ ಕಟ್ಟಿ ಜಗಳಕ್ಕೇ ನಿಂತಿದ್ದಾಳೆ!

ಅವಳೇನು ಸುಮ್ಮನೆ ನಿಂತಿರಲಿಲ್ಲ. ಹಳೇ ಕಾಲದ ರೋಮಿನವರು, ಚೀನಾದವರು ಹೊರಗಿನ ಜನರನ್ನು ಹೇಗೆ ಬರೆದರು ಅನ್ನುವುದು ಅವಳ ಲೇಖನ. ಹೋದ ವಾರ ಅದನ್ನು ಓದಿ ಮೇಜು ಗುದ್ದಿದ್ದವರು ಇದೇ ಮೇಷ್ಟ್ರು. "ಏನು ಸೊಕ್ಕಮ್ಮ ಆ ರೋಮಿನೋರ್ದು! ಹೂಣರಿಗೆ ಮನೆ ಇಲ್ಲ, ನೇಗಿಲಿಲ್ಲ, ನೀತಿ ಇಲ್ಲ, ಮೃಗಗಳ ಹಾಗೆ ಅಂತ ಬರೆದ್ಬಿಟ್ರಲ್ಲ!" ಎಂದು ಹಾರಾಡಿದ್ದರು. ಇವತ್ತು ತನ್ನ ಪುಟಗಳು ಮುಗಿದ ಮೇಲೆ ಮುಂದಿನದೇನಿದೆ ಎಂದು ನೋಡಿದರೆ, ಕುರಿಗಾಹಿಗಳ ಬಗ್ಗೆ ಮೇಷ್ಟ್ರೇ ಬರೆದದ್ದು:

'ಇವರಿಗೆ ನಿಂತ ನೆಲೆಯಿಲ್ಲ, ಹಿರಿಯರೆಂಬ ಗೌರವವಿಲ್ಲ. ಪ್ರಾಯದವರೆಲ್ಲ ಬಿಸಿಬಿಸಿ ಉಂಡೆದ್ದ ಮೇಲೆ, ಹಲ್ಲಿಲ್ಲದ ಮುದುಕಿಯೊಬ್ಬಳು ಆರಿದ ಮುದ್ದೆಯನ್ನು ಉಪ್ಪುನೀರಿಗೆ ಅದ್ದಿ ನುಂಗಿದ್ದನ್ನು ಮಾರಿಕಣಿವೆಯ ಹಿನ್ನೀರಿನ ಬಳಿ ಕಣ್ಣಾರೆ ಕಂಡೆ.'

"ನಾನೇನು ಸುಳ್ಳು ಬರ್ದಿದೀನಾ? ನೋಡಿದ್ದನ್ನೇ ಬರ್ದಿದೀನಮ್ಮ."

"ನೋಡಿದ್ರಿ ಸಾರ್. ಯಾಕೆ ಹಂಗೆ ಅಂತ ಕೇಳಿದ್ರಾ?"

"ನೋಡು, ಎರಡು ಸಾವಿರ ವರ್ಷದ ಹಿಂದಿನೋರನ್ನ ಎಷ್ಟು ಬೇಕಾದ್ರೂ ಬೈಯಿ, ನಾನೇ ನಿಂತು ಅಚ್ಚು ಹಾಕಿಸ್ತೀನಿ. ನನ್ನ ಮೇಲ್ಯಾಕೆ ಬರ್ತೀಯ?"

ಎಲಾ ಇವರ! ಚೈತ್ರಾಳಿಗೆ ಪಿತ್ತ ನೆತ್ತಿಗೇರಿತು. ಇಂಥವರ ಬಾಯಿಂದ ಶಭಾಷ್ ಅನ್ನಿಸಿಕೊಂಡೆ ಅಂತ ಒಂದು ವಾರ ಕುಣಿದಾಡಿದೆನಲ್ಲ ಎಂದು ತನ್ನ ಮೇಲೂ ಸಿಟ್ಟು ಬಂತು.

"ಚೀನಾದೋನೂ ಇದನ್ನೇ ಬರ್ದಿದ್ದ ಸಾರ್. ಉತ್ತರದ ಕುದುರೆ ಸವಾರರು ಹುಡುಗರಿಗೆ ಒಳ್ಳೇದು ಉಣ್ಣಿಸಿ ಮುದುಕರಿಗೆ ಮಿಕ್ಕಿದ್ದು ಹಾಕ್ತಾರೆ ಅಂತ. ನನ್ನ ಲೇಖನದಾಗೇ ಐತೆ, ನೀವೇ ಓದಿದೀರಿ. ಆದ್ರೆ ಅವ್ನು ಅಷ್ಟಕ್ಕೇ ಬಿಡ್ಲಿಲ್ಲ. ಆ ಸವಾರರ ಪರವಾಗಿ ನಿಂತೋನ ಜವಾಬನ್ನೂ ಬರ್ದ. 'ನಿಮ್ಮ ಮಗ ದಂಡಿಗೆ ಹೊರಟ್ರೆ ನೀವೂ ಮೈಮೇಲಿನ ಬೆಚ್ಚನೆ ಬಟ್ಟೆ, ಬಾಯಿಗಿಟ್ಟ ತುತ್ತು ತೆಗ್ದು ಕೊಡಲ್ವಾ? ಕಾಯೋರು ಗಟ್ಟಿ ಇದ್ರೇನೇ ಮುದುಕರು ಉಳಿಯೋದು' ಅಂತ. ಬೈದಿದ್ದೂ ಐತೆ, ಬೈಸ್ಕೊಂಡೋರ ಮಾತೂ ಐತೆ. ನಿಮ್ಮದ್ರಾಗೆ ಆ ಮಾತೆಲ್ಲೈತೆ? ನಮ್ಮಲ್ಲೂ ಅಷ್ಟೇ ಸಾರ್. ಕತ್ಲಾದ್ರೆ ತೋಳ ಬರ್ತವೆ. ರಾತ್ರಿಯೆಲ್ಲ ಮಂದೆ ಕಾಯೋರು ಮೊದ್ಲು ಉಣ್ಬೇಕು."

"ನಮ್ಮಲ್ಲೂ" ಅಂದದ್ದಕ್ಕೆ ಮೇಷ್ಟ್ರು ತಬ್ಬಿಬ್ಬಾದರು. ಐಮಂಗಲದ ಕಡೆಯವಳು, ಹಾಸ್ಟೆಲಿನಲ್ಲಿದ್ದಾಳೆ, ಚುರುಕಾಗಿದ್ದಾಳೆ. ಅವರಿಗೆ ಗೊತ್ತಿದ್ದದ್ದು ಇಷ್ಟೇ. ಕೇಳಬೇಕು ಅಂತ ಯಾವತ್ತೂ ಅನ್ನಿಸಿರಲಿಲ್ಲ.

"ಅದೇನೇ ಇರ್ಲಮ್ಮ," ಎಂದರು, ದನಿ ಸ್ವಲ್ಪ ಇಳಿಸಿ, "ಆ ಅಜ್ಜಿ ಪಾಡು ನೋಡಿ ನನ್ನ ಕರುಳು ಚುರ್ ಅಂದಿದ್ದು ನಿಜ."

ಕರುಳಂತೆ! ಚೈತ್ರಾ ತಿಪ್ಪೇಶನ ಕಡೆ ತಿರುಗಿದಳು. "ಅಣ್ಣಾ, ಇದರ ಹಿಂದಿನ ಪುಟ ತೆಗಿ. ಮೇಲಿನ ಸಾಲು ಓದು."

ತಿಪ್ಪೇಶ ಒಮ್ಮೆ ಮೇಷ್ಟ್ರನ್ನು ನೋಡಿ, ಗಂಟಲು ಸರಿಮಾಡಿಕೊಂಡು ಓದಿದ. "'ನನಗೆ ಕಂಬಳಿ ಹಾಸಿ ಕೂರಿಸಿ ದೊಡ್ಡ ಲೋಟದ ತುಂಬ ಮೇಕೆ ಹಾಲು ಕೊಟ್ಟರು. ಅಂಥ ರುಚಿಯ ಹಾಲು ಕುಡಿದು ಎಷ್ಟೋ ವರ್ಷವಾಗಿತ್ತು.'"

"ಆ ಮುದುಕಿ ನಮ್ಮಜ್ಜಿ ಸಾರ್. ತಿಪ್ಪಮ್ಮ ಅಂತ ಹೆಸರು. ನೀವು ಬರ್ದಂಗೆ ಬಾಯಾಗೆ ಒಂದು ಹಲ್ಲೂ ಇಲ್ಲ. ಅದಕ್ಕೇ ದಿನಾ ಆ ಒಂದು ಮೇಕೆ ಹಾಲು ಅವಳಿಗೇ ಮೀಸಲು. ಮುದ್ದೆ ಹಾಲಿಗೆ ಕಿವುಚ್ಕೊಂಡು ಉಣ್ತಾಳೆ. ಮನೆಗೆ ಬಂದೋರನ್ನ ಬರಿಗೈಲಿ ಕಳಿಸಬಾರ್ದು ಅಂತ ಅವತ್ತು ಅವಳೇ ತೆಗ್ದು ಕೊಟ್ಟಳು." ಚೈತ್ರಾಳಿಗೆ ಅಳು ಬಂದರೂ ಅದನ್ನು ಒಳಕ್ಕೇ ನೂಕಿದಳು. "ಆಮೇಲೆ ಫೋನ್ ಮಾಡಿ, 'ಹಿರಿಯೂರಿಂದ ಮೇಷ್ಟ್ರೊಬ್ರು ಬಂದಿದ್ರು ಕಣವ್ವಾ, ನಮ್ಮ ಹಾಲು ಕುಡುದ್ರು' ಅಂತ ಎಷ್ಟು ಹಿಗ್ಗಿದ್ಲು ಗೊತ್ತಾ?"

ಮೇಷ್ಟ್ರು ಕನ್ನಡಕ ಹಾಕಿಕೊಂಡರು, ಮತ್ತೆ ತೆಗೆದರು. ಕೊನೆಗೆ ಯಾರ ಮುಖವನ್ನೂ ನೋಡದೆ, "ತಿಪ್ಪೇಶ, ಆ ಮುದುಕೀದು ಅಳಿಸಿಬಿಡಪ್ಪ" ಎಂದರು.

ತಿಪ್ಪೇಶನ ಬೆರಳು ಕೀಲಿಯ ಮೇಲೆ ಬಂತು. ಇದೇ ತಾನೇ ಅವಳು ಕೇಳಿದ್ದು? ಆದರೆ ಅಳಿಸಿಬಿಟ್ಟರೆ ಮೇಷ್ಟ್ರಿಗೆ ಸಲೀಸು. ಅಜ್ಜಿ ಉಪ್ಪುನೀರಲ್ಲಿ ಉಂಡದ್ದು ಹಾಗೇ ಮುಚ್ಚಿಹೋಗುತ್ತದೆ. ಚೈತ್ರಾ ಅವನ ಕೈಗೆ ಅಡ್ಡ ಹಿಡಿದಳು.

"ಅಳಿಸಬ್ಯಾಡಣ್ಣ, ಇರ್ಲಿ. ಸಾರ್, ಅದರ ಕೆಳಗೆ ಆ ಹಾಲು ಯಾರದು ಅಂತ ನಿಮ್ಮ ಕೈಯಾರೆ ಬರೀರಿ."